ಡಕ್‌ಡಕ್‌ಗೋ ನಿಮ್ಮ ಹುಡುಕಾಟವನ್ನು ಎಷ್ಟರಮಟ್ಟಿಗೆ ಗುಟ್ಟಾಗಿ ಕಾಪಾಡುತ್ತದೆ?

ಯಾರು ಏನನ್ನು ಹುಡುಕಿದರು ಎಂಬ ಲೆಕ್ಕ ಇಡದ ಸರ್ಚ್ ಎಂಜಿನ್ ಬೇಕೆನ್ನುವವರು ಡಕ್‌ಡಕ್‌ಗೋವನ್ನು ಧೈರ್ಯವಾಗಿ ಬಳಸಬಹುದು. 2008ರಿಂದ ನಡೆಯುತ್ತಿರುವ ಈ ಸೇವೆ ಲಾಗಿನ್ ಕೇಳುವುದಿಲ್ಲ. ಜಾಹೀರಾತುಗಳಿವೆ, ಆದರೆ ಅವು ಆ ಹೊತ್ತು ಟೈಪ್ ಮಾಡಿದ ಪದಕ್ಕೆ ಸಂಬಂಧಿಸಿದವು. ‘ಮೊಣಕಾಲು ನೋವು’ ಎಂದು ಹುಡುಕಿದರೆ ಮುಲಾಮಿನ ಜಾಹೀರಾತು ಕಾಣಬಹುದು. ನಾಳೆ ಇನ್ನೇನೋ ಹುಡುಕುವಾಗ ಆ ನೋವಿನ ನೆನಪು ಅದಕ್ಕಿರುವುದಿಲ್ಲ.

ಕೊರತೆ ಇರುವುದು ಬೇರೆ ಕಡೆ. ಸಾಮಾನ್ಯ ಫಲಿತಾಂಶಗಳ ಬಹುಪಾಲು ಮೈಕ್ರೋಸಾಫ್ಟ್‌ನ ಸರ್ಚ್ ಎಂಜಿನ್ ಬಿಂಗ್‌ನಿಂದ ಬರುತ್ತವೆ. 2024ರ ಮೇ ತಿಂಗಳಲ್ಲಿ ಬಿಂಗ್ ಕೈಕೊಟ್ಟಾಗ ಇದೂ ನಿಂತಿತು. ಜಾಹೀರಾತುಗಳೂ ಮುಖ್ಯವಾಗಿ ಅಲ್ಲಿಯವೇ. ಅವನ್ನು ಒತ್ತಿದರೆ ನಿಮ್ಮ ಐಪಿ ವಿಳಾಸ (ಅಂತರ್ಜಾಲದಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಮೈಕ್ರೋಸಾಫ್ಟ್‌ಗೆ ತಲುಪುತ್ತದೆ. ಡಕ್‌ಡಕ್‌ಗೋ ಸೆಟ್ಟಿಂಗ್ಸ್‌ನಲ್ಲಿ ಜಾಹೀರಾತುಗಳನ್ನೇ ಆಫ್ ಮಾಡುವ ಅವಕಾಶವಿದೆ, ಮೊದಲು ಅದನ್ನು ಮಾಡಿ. ಕುಕೀ (ತಾಣಗಳು ಬ್ರೌಸರ್‌ನಲ್ಲಿ ಇಡುವ ಪುಟ್ಟ ಕಡತ) ಅಳಿಸಿದಾಗ ಈ ಆಯ್ಕೆಯೂ ಅಳಿಸಿಹೋಗುತ್ತದೆ. ಡಕ್‌ಡಕ್‌ಗೋದ ಸ್ವಂತ ಬ್ರೌಸರ್ ಕೆಲವು ತಾಣಗಳಲ್ಲಿ ಬಳಕೆದಾರರ ಜಾಡು ಹಿಡಿಯುವ ಮೈಕ್ರೋಸಾಫ್ಟ್ ಟ್ರ್ಯಾಕರ್‌ಗಳನ್ನು ತಡೆಯದೆ ಬಿಡುತ್ತಿದ್ದುದು 2022ರಲ್ಲಿ ಬಯಲಾಯಿತು. ಟೀಕೆ ಬಂದ ಮೇಲೆ ಅದೇ ವರ್ಷ ತಡೆ ಬಿಗಿ ಮಾಡಿದರು. ಗೋಪ್ಯತೆಯ ಹೆಸರಲ್ಲೇ ನಡೆಯುವ ಕಂಪನಿ ಅದನ್ನು ತಾನಾಗಿಯೇ ಮೊದಲು ಸ್ಪಷ್ಟವಾಗಿ ಹೇಳಬೇಕಿತ್ತು.

‘ಬ್ಯಾಂಗ್’ ಸೌಲಭ್ಯ ಬಲು ಉಪಯುಕ್ತ. ಆಶ್ಚರ್ಯಸೂಚಕ ಚಿಹ್ನೆಗೆ ಇಂಗ್ಲಿಷಿನ ಡಬ್ಲ್ಯು ಸೇರಿಸಿ (!w) ಪದ ಬರೆದರೆ ನೇರ ವಿಕಿಪೀಡಿಯಕ್ಕೆ ಹೋಗುತ್ತೀರಿ. ಜಿ ಸೇರಿಸಿದರೆ ಗೂಗಲ್‌ಗೆ. ಅಲ್ಲಿಗೆ ಹೋದ ಮೇಲೆ ಗೂಗಲ್‌ನದೇ ನಿಯಮ, ಡಕ್‌ಡಕ್‌ಗೋದ ರಕ್ಷಣೆ ಇರುವುದಿಲ್ಲ. ಕನ್ನಡದ ಹುಡುಕಾಟದಲ್ಲಿ ಗೂಗಲ್ ಮುಂದಿದೆ, ಹಾಗಾಗಿ ಈ ದಾರಿ ಆಗಾಗ ಬೇಕಾಗುತ್ತದೆ.

ಡೀಫಾಲ್ಟ್ (ಬ್ರೌಸರ್ ತಾನಾಗಿಯೇ ಬಳಸುವ ಸರ್ಚ್ ಎಂಜಿನ್) ಬದಲಿಸದೆ ಡಕ್‌ಡಕ್‌ಗೋವನ್ನು ಬರೀ ಬುಕ್‌ಮಾರ್ಕ್ ಮಾಡಿಟ್ಟರೆ ಪ್ರಯೋಜನ ಕಡಿಮೆ. ಫೋನ್, ಬ್ರೌಸರ್‌ಗಳಲ್ಲಿ ಈ ಡೀಫಾಲ್ಟ್ ಜಾಗಕ್ಕಾಗಿಯೇ ಗೂಗಲ್ 2021ರಲ್ಲಿ 2,630 ಕೋಟಿ ಡಾಲರ್ ತೆತ್ತಿತ್ತು. ಸರ್ಚ್‌ನಲ್ಲಿ ತನ್ನ ಏಕಸ್ವಾಮ್ಯವನ್ನು ಅದು ಕಾನೂನುಬಾಹಿರವಾಗಿ ಉಳಿಸಿಕೊಂಡಿದೆ ಎಂದು ಅಮೆರಿಕದ ನ್ಯಾಯಾಲಯ 2024ರ ಆಗಸ್ಟ್‌ನಲ್ಲಿ ಹೇಳಿತು. ಆಂಡ್ರಾಯ್ಡ್‌ನ ಕ್ರೋಮ್‌ನಲ್ಲಿ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್‌ನಲ್ಲಿ ಸರ್ಚ್ ಎಂಜಿನ್ ತೆರೆದು ಡಕ್‌ಡಕ್‌ಗೋ ಆರಿಸಿ. ಪಟ್ಟಿಯಲ್ಲಿ ಕಾಣದಿದ್ದರೆ ಒಮ್ಮೆ ಡಕ್‌ಡಕ್‌ಗೋ ತಾಣಕ್ಕೆ ಹೋಗಿ ಏನಾದರೂ ಹುಡುಕಿ ಬಂದು ನೋಡಿ. ಹೋಮ್ ಸ್ಕ್ರೀನ್‌ನ ಗೂಗಲ್ ಹುಡುಕಾಟದ ಪೆಟ್ಟಿಗೆಗೆ ಈ ಬದಲಾವಣೆ ತಗಲುವುದಿಲ್ಲ, ಅಲ್ಲಿ ಟೈಪ್ ಮಾಡಿದ್ದೆಲ್ಲ ಗೂಗಲ್‌ಗೇ ಹೋಗುತ್ತದೆ. ಅದನ್ನು ತೆಗೆದು ಡಕ್‌ಡಕ್‌ಗೋ ಆ್ಯಪ್‌ನ ವಿಜೆಟ್ ಹಾಕಿಕೊಳ್ಳಿ. ಹಿಂದೆ ಗೂಗಲ್‌ನಲ್ಲಿ ಹುಡುಕಿದ್ದರ ದಾಖಲೆಗಳು ಗೂಗಲ್ ಖಾತೆಯಲ್ಲೇ ಇರುತ್ತವೆ. ‘ವೆಬ್ ಆ್ಯಂಡ್ ಆ್ಯಪ್ ಆ್ಯಕ್ಟಿವಿಟಿ’ಗೆ ಹೋಗಿ ನೀವೇ ಅಳಿಸಬೇಕು.