ಗೇರ್‌ಬಾಕ್ಸ್ ಇಳಿಸದೆ ಆಯಿಲ್ ಲೀಕ್ ನಿಲ್ಲಿಸಿದ ಕುಳೂರಿನ ಗ್ಯಾರೇಜ್

ನನ್ನದು 2013ರ ಪೆಟ್ರೋಲ್ ಸ್ವಿಫ್ಟ್, 94,000 ಕಿಲೋಮೀಟರ್ ಓಡಿದೆ. ದಿನಾ ಸುರತ್ಕಲ್‌ನಿಂದ ಮಂಗಳೂರಿನ ಹಂಪನಕಟ್ಟೆಗೆ ಹೋಗಿ ಬರುತ್ತೇನೆ. ಈ ಸಲ ಮಳೆ ನಿಂತ ಮೇಲೆ ನೋಡಿದರೆ ಅಂಗಳದ ಇಂಟರ್‌ಲಾಕ್ ಮೇಲೆ ಆಯಿಲ್ ಕಲೆ. ಕೊಟ್ಟಾರ ಚೌಕಿಯ ಟ್ರಾಫಿಕ್‌ನಲ್ಲಿ ನಿಂತರೆ ಸುಟ್ಟ ಎಣ್ಣೆಯ ವಾಸನೆ ಬೇರೆ.

ಮೊದಲು ಹೋಗಿದ್ದು ದೊಡ್ಡ ವರ್ಕ್‌ಶಾಪ್ ಒಂದಕ್ಕೆ. ಕಾರನ್ನು ಎತ್ತಿ, ಟಾರ್ಚ್ ಹಿಡಿದು ಎರಡು ನಿಮಿಷ ನೋಡಿದರು ಅಷ್ಟೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ ಆಯಿಲ್ ಇದೆ, ಅಲ್ಲಿ ಎಂಜಿನ್ ಆಯಿಲ್ ಹೊರಬರದಂತೆ ತಡೆಯುವ ರಿಂಗ್, ಅಂದರೆ ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು, ಹೇಗೂ ಇಳಿಸುತ್ತೇವಲ್ಲ ಕ್ಲಚ್ ಪ್ಲೇಟೂ ಹಾಕಿಬಿಡಿ ಅಂತ 16,000 ರೂಪಾಯಿಯ ಲೆಕ್ಕ ಕೊಟ್ಟರು. ಯಾಕೋ ಮನಸ್ಸು ಒಪ್ಪಲಿಲ್ಲ.

ಆಫೀಸಿನ ಗೆಳೆಯ ಹೇಳಿದ ಮೇಲೆ ಕುಳೂರಿನ ಈ ಗ್ಯಾರೇಜ್‌ಗೆ ಬಂದೆ. ಮೆಕ್ಯಾನಿಕ್ ಅಣ್ಣ ಬಾನೆಟ್ ತೆಗೆದು ನೋಡಿದರು, ಆದರೆ ಇಂಥದ್ದೇ ಹೋಗಿದೆ ಅಂತ ಹೇಳಲಿಲ್ಲ. "ಸಾರ್, ಆಯಿಲ್ ಮೇಲಿಂದ ಇಳಿದು ಗಾಳಿಗೆ ಹಿಂದೆ ಹೋಗ್ತದೆ. ಹನಿ ಬೀಳುವ ಜಾಗದಲ್ಲೇ ಲೀಕ್ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಮೊದಲು ತೊಳೆಯುವ" ಅಂದರು. ಆಲ್ಟರ್ನೇಟರ್‌ಗೆ ಪ್ಲಾಸ್ಟಿಕ್ ಕಟ್ಟಿ, ಎಂಜಿನ್ನಿನ ಹಳೆ ಜಿಡ್ಡನ್ನೆಲ್ಲ ತೊಳೆದು, ಗಾಳಿ ಹೊಡೆದು ಒಣಗಿಸಿದರು. ಡಿಪ್‌ಸ್ಟಿಕ್‌ನ ಮೇಲಿನ ಗುರುತಿನವರೆಗೆ ಆಯಿಲ್ ಹಾಕಿ, ನಾಲ್ಕು ದಿನ ಓಡಿಸಿ ತನ್ನಿ ಅಂದರು.

ಐದನೇ ದಿನ ಹೋದಾಗ ನನ್ನನ್ನೇ ಕರೆದು ತೋರಿಸಿದರು. ಎಂಜಿನ್ನಿನ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್‌ನ ಹಿಂದಿನ ಮೂಲೆಯಿಂದ ಒಂದು ತೆಳು ಒದ್ದೆ ಗೆರೆ, ಅದಕ್ಕೆ ಅಂಟಿದ ಧೂಳು. ಆ ಗೆರೆಯೇ ಕೆಳಗಿಳಿದು ಗೇರ್‌ಬಾಕ್ಸ್ ಕಡೆ ಹೋಗಿತ್ತು. ಸ್ಪಾರ್ಕ್ ಪ್ಲಗ್ ಮೇಲೆ ಕೂರುವ ಇಗ್ನಿಷನ್ ಕಾಯಿಲ್ ಎಳೆದರೆ ಅದರ ತುದಿಯಲ್ಲೂ ಆಯಿಲ್. ಅಂದರೆ ಪ್ಲಗ್ ಗುಂಡಿಗೆ ಆಯಿಲ್ ಇಳಿಯದಂತೆ ತಡೆಯುವ ರಿಂಗ್ ಕೂಡ ಹೋಗಿತ್ತು. ಕ್ರ್ಯಾಂಕ್ ಸೀಲ್ ಹೋಗಿದ್ದರೆ ಗೇರ್‌ಬಾಕ್ಸ್ ಹೌಸಿಂಗಿನ ಒಳಗಿಂದ ಹನಿ ಬರಬೇಕಿತ್ತು, ಅಲ್ಲಿ ಏನೂ ಇರಲಿಲ್ಲ.

ಟ್ಯಾಪೆಟ್ ಕವರ್ ಬಿಚ್ಚಿ, ಅದರ ಅಡಿಯ ಹಳೆ ರಬ್ಬರ್ ಪ್ಯಾಕಿಂಗನ್ನು ನನ್ನ ಕೈಗೇ ಕೊಟ್ಟರು. ರಬ್ಬರ್ ಅಂತ ಅನಿಸುವುದೇ ಇಲ್ಲ, ಬಗ್ಗಿಸಿದರೆ ಒಣ ಕಡ್ಡಿಯ ಹಾಗೆ ಲಟಕ್ ಅಂತ ಮುರಿಯಿತು. ಇಷ್ಟು ವರ್ಷ ಎಂಜಿನ್ ಬಿಸಿಯಲ್ಲಿ ಬೆಂದರೆ ಇನ್ನೇನಾಗುತ್ತದೆ ಅಲ್ವಾ? ಹೊಸದನ್ನು ಕೂರಿಸುವ ಮೊದಲು ಜಾಗವನ್ನು ಚೊಕ್ಕವಾಗಿ ಒರೆಸಿದರು. ಎಂಜಿನ್ನಿನ ಪಕ್ಕದ ಮುಚ್ಚಳ (ಟೈಮಿಂಗ್ ಕವರ್) ಸೇರುವ ಎರಡು ಮೂಲೆಗೆ ಮಾತ್ರ ಸ್ವಲ್ಪ ಸಿಲಿಕೋನ್. ಬೋಲ್ಟ್‌ಗಳನ್ನು ಸುಮ್ನೆ ಬಿಗಿದುಬಿಡಲಿಲ್ಲ, ಎಷ್ಟು ಬಿಗಿ ಅಂತ ಅಳೆಯುವ ಟಾರ್ಕ್ ರೆಂಚ್ ಇಟ್ಟು ನಡುವಿನಿಂದ ಶುರು ಮಾಡಿ ಹೊರಗೆ ಬಂದರು, ಜಾಸ್ತಿ ಬಿಗಿದರೆ ಹೊಸ ಪ್ಯಾಕಿಂಗೂ ಹಿಂಡಿಹೋಗುತ್ತದಂತೆ. ನನಗೆ ತುಂಬಾ ಇಷ್ಟವಾಗಿದ್ದು, ಕೇಳದೆಯೇ ಪಿಸಿವಿ ವಾಲ್ವನ್ನೂ ತೆಗೆದು ನೋಡಿದ್ದು. ಅದು ಕಟ್ಟಿಕೊಂಡರೆ ಎಂಜಿನ್ ಒಳಗಿನ ಒತ್ತಡ ಹೊರಗೆ ಹೋಗಲು ದಾರಿ ಇಲ್ಲದೆ ಪ್ಯಾಕಿಂಗ್, ಸೀಲ್‌ಗಳನ್ನೇ ತಳ್ಳುತ್ತದೆ. ನಮ್ಮದು ಸರಿ ಇತ್ತು.

ತೊಳೆದಿದ್ದು, ಪ್ಯಾಕಿಂಗ್ ಸೆಟ್, ಟಾಪ್‌ಅಪ್ ಆಯಿಲ್, ಕೂಲಿ ಎಲ್ಲ ಸೇರಿ 2,150 ರೂಪಾಯಿ.

ಕೊರತೆ ಇಲ್ಲ ಅಂತಲ್ಲ. ಕೆಲಸದಲ್ಲಿದ್ದರೆ ಫೋನ್ ಎತ್ತುವುದಿಲ್ಲ. ಕೂರಲು ಒಂದೇ ಬೆಂಚು, ಮಧ್ಯಾಹ್ನ ಅದಕ್ಕೂ ಬಿಸಿಲು. ಬಿಲ್ ಕೇಳಿದರೆ ಮಾತ್ರ ಬರೆದು ಕೊಡುತ್ತಾರೆ, ಕೇಳಿ ತೆಗೆದುಕೊಳ್ಳಿ. ಅರ್ಜೆಂಟ್ ಇರುವವರಿಗೆ ಆ ನಾಲ್ಕು ದಿನ ಕಾಯುವುದು ಕಷ್ಟವೇ, ಆದರೆ ಕಾಯಿರಿ ಅಂತಲೇ ಹೇಳುತ್ತೇನೆ.

ಈಗ ಎರಡು ತಿಂಗಳಾಯಿತು. ರಾತ್ರಿ ಕಾರಿನ ಅಡಿಗೆ ರಟ್ಟು ಹಾಸಿ ಬೆಳಿಗ್ಗೆ ನೋಡುತ್ತೇನೆ, ಒಂದು ಹನಿಯೂ ಬಿದ್ದಿಲ್ಲ.