ಚರ್ಮದ ಕೆಲಸದ ಉಪಕರಣ: ಮನೆಯಲ್ಲೇ ಮಾಡಿದ್ದೋ, ಕೊಂಡು ತಿದ್ದಿದ್ದೋ?

ಚರ್ಮದ ಕೆಲಸಕ್ಕೆ ಕೈ ಹಾಕಿದವರಿಗೆಲ್ಲ ಒಂದಲ್ಲ ಒಂದು ದಿನ ಉಪಕರಣದ ಹುಚ್ಚು ಹಿಡಿಯುತ್ತದೆ. ಆಮೇಲೆ ಹೊಲಿಯುವುದಕ್ಕಿಂತ ಉಕ್ಕು ಉಜ್ಜುವುದಕ್ಕೇ ಜಾಸ್ತಿ ಹೊತ್ತು ಹೋಗುತ್ತದೆ. ನನಗೂ ಹಿಡಿದಿತ್ತು, ಇನ್ನೂ ಪೂರ್ತಿ ಬಿಟ್ಟಿಲ್ಲ. ಹಳೆ ಅರ, ಮುರಿದ ಬ್ಲೇಡು, ಮೊಳೆ, ಬೋಲ್ಟು ಅಂತ ಕೈಗೆ ಸಿಕ್ಕಿದ್ದನ್ನೆಲ್ಲ ಉಜ್ಜಿ ನೋಡಿದ್ದೇನೆ. ಅಗ್ಗದ ಉಪಕರಣ ಕೊಂಡು ತಿದ್ದಿಯೂ ನೋಡಿದ್ದೇನೆ. ಎರಡನ್ನೂ ಒಂದೇ ಚರ್ಮದ ಮೇಲೆ ಅಕ್ಕಪಕ್ಕ ಇಟ್ಟು ಕೆಲಸ ಮಾಡಿದ ಮೇಲೆ ನನ್ನ ತೀರ್ಪು ಹೀಗಿದೆ. ಚಾಕು ಮನೆಯಲ್ಲೇ ಆಗಲಿ. ದಬ್ಬಣದ ಅಲಗು ಕೊಂಡದ್ದಿರಲಿ, ಹಿಡಿ ನಮ್ಮದಿರಲಿ. ಹೊಲಿಗೆಯ ತೂತುಗಳನ್ನು ಸಾಲಾಗಿ ಹೊಡೆಯುವ ಹಲ್ಲಿನ ಉಳಿ ಮಾಡುವ ಉಸಾಬರಿ ಮಾತ್ರ ಬೇಡವೇ ಬೇಡ.

ಚಾಕು

ನಾನು ಹೇಳುತ್ತಿರುವುದು ಸ್ಕೈವಿಂಗ್ ಚಾಕುವಿನ ಬಗ್ಗೆ. ಚರ್ಮ ಮಡಿಸುವ ಕಡೆ, ಎರಡು ಪದರ ಕೂಡುವ ಕಡೆ ಹಿಂಬದಿಯಿಂದ ಹೆರೆದು ತೆಳು ಮಾಡುತ್ತೇವಲ್ಲ, ಆ ಚಾಕು. ಒಂದು ಮುಖ ಪೂರ್ತಿ ಚಪ್ಪಟೆ, ಇನ್ನೊಂದು ಮುಖಕ್ಕೆ ಮಾತ್ರ ಇಳಿಜಾರು. ಹೋಲಿಕೆಗೆ ಇಟ್ಟದ್ದು ಮೂರು: ಹಳೆ ಅರದಿಂದ ಮಾಡಿದ್ದು, ಯಂತ್ರದ ಹ್ಯಾಕ್ಸಾ ಬ್ಲೇಡಿನಿಂದ ಮಾಡಿದ್ದು, ಅಗ್ಗಕ್ಕೆ ಕೊಂಡು ತಿದ್ದಿದ್ದು.

ಕೈ ಹ್ಯಾಕ್ಸಾದ ಸಣ್ಣ ಬ್ಲೇಡು ಈ ಪೈಪೋಟಿಗೇ ಬರುವುದಿಲ್ಲ. ಅದರ ದಪ್ಪ ಸುಮಾರು 0.6 ಮಿ.ಮೀ. ಒತ್ತಿದರೆ ಬಾಗುತ್ತದೆ. ಜೊತೆಗೆ ಬೈ-ಮೆಟಲ್ ಬ್ಲೇಡುಗಳಲ್ಲಿ ಹಲ್ಲಿನ ಅಂಚು ಮಾತ್ರ ಹೈ ಸ್ಪೀಡ್ ಉಕ್ಕು (ಬಿಸಿಯಾದರೂ ಗಟ್ಟಿತನ ಬಿಡದ ಉಕ್ಕು), ಮಿಕ್ಕಿದ್ದೆಲ್ಲ ಬಳುಕುವ ಸ್ಪ್ರಿಂಗ್ ಉಕ್ಕು. ಹಲ್ಲು ಉಜ್ಜಿ ತೆಗೆದರೆ ಗಟ್ಟಿ ಭಾಗವೇ ಹೋಯಿತು, ಅಲ್ವಾ?

ಅರದ ವಿಷಯ ಬೇರೆ. ಒಳ್ಳೆಯ ಅರದಲ್ಲಿ ಶೇ 1ಕ್ಕಿಂತ ಜಾಸ್ತಿ ಇಂಗಾಲ ಇರುತ್ತದೆ. ಗಟ್ಟಿತನ ರಾಕ್‌ವೆಲ್ ಅಳತೆಯಲ್ಲಿ 65ರ ಆಸುಪಾಸು. ಅಷ್ಟು ಗಟ್ಟಿ ಇರುವುದರಿಂದಲೇ ಅದು ಪೆಡಸು. ಹಾಗೇ ಅಂಚು ಕಟ್ಟಿದರೆ ಬಾಯಿ ಚಕ್ಕೆ ಏಳುತ್ತದೆ. ಆದ್ದರಿಂದ ಮೊದಲು ಹದ ಕೊಡಬೇಕು. ಎಣ್ಣೆ ಜಿಡ್ಡನ್ನೆಲ್ಲ ತೊಳೆದು, ಓವನ್ನಿನಲ್ಲಿ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಟ್ಟು, ತಣ್ಣಗಾದ ಮೇಲೆ ಇನ್ನೊಂದು ಸಲ ಇಡುತ್ತೇನೆ. ಮೊದಲೇ ಒಂದು ಜಾಗ ಉಜ್ಜಿ ಹೊಳಪು ಮಾಡಿದ್ದರೆ ಅಲ್ಲಿ ತಿಳಿ ಹುಲ್ಲಿನ ಹಳದಿ ಬಣ್ಣ ಕಾಣುತ್ತದೆ. ಅಷ್ಟಾದರೆ ಸಾಕು. ಗಟ್ಟಿತನ ಸ್ವಲ್ಪ ಇಳಿದು, ಪೆಡಸು ಹೋಗುತ್ತದೆ.

ಆಮೇಲೆ ಗ್ರೈಂಡರ್. ಕಣ್ಣಿಗೆ ಕನ್ನಡಕ ಕಡ್ಡಾಯ, ಇದರಲ್ಲಿ ರಾಜಿ ಇಲ್ಲ. ಪಕ್ಕದಲ್ಲಿ ನೀರಿನ ಡಬ್ಬಿ ಇರಬೇಕು. ಬರಿಗೈಯಲ್ಲಿ ಹಿಡಿದು ಉಜ್ಜುತ್ತೇನೆ. ಬೆರಳಿಗೆ ಬಿಸಿ ತಟ್ಟಿತು ಅಂದರೆ ತಕ್ಷಣ ನೀರಿಗೆ. ಅಂಚು ತೆಳುವಾಗುತ್ತಾ ಬಂದ ಹಾಗೆ ಬಿಸಿ ಬೇಗ ಏರುತ್ತದೆ, ಕೊನೆಯ ಅರ್ಧ ಮಿಲಿಮೀಟರಿನಲ್ಲಂತೂ ಕಣ್ಣು ಮಿಟುಕಿಸುವಷ್ಟರಲ್ಲಿ. ಹಳದಿ ಕಂದಾಗಿ, ನೇರಳೆಯಾಗಿ, ನೀಲಿಗೆ ತಿರುಗಿತು ಅಂದರೆ ಆ ಜಾಗ ಸುಮಾರು 300 ಡಿಗ್ರಿ ಮುಟ್ಟಿದೆ ಅಂತ ಲೆಕ್ಕ. ಅಲ್ಲಿ ಉಕ್ಕು ಮೆತ್ತಗಾಗಿರುತ್ತದೆ, ಅಷ್ಟನ್ನೂ ಉಜ್ಜಿ ಕಳೆಯದೆ ಬೇರೆ ದಾರಿ ಇಲ್ಲ. ಅದಕ್ಕೇ ಕೊನೆಯ ಭಾಗವನ್ನು ಗ್ರೈಂಡರಿಗೆ ಕೊಡದೆ ಸಾಣೆಕಲ್ಲಿನ ಮೇಲೆ ಕೈಯಲ್ಲೇ ಮುಗಿಸುವುದು ಒಳ್ಳೆಯದು.

ಇಳಿಜಾರು ಎಷ್ಟು ಅಂತ ಕೋನಮಾಪಕ ಹಿಡಿದು ಕೂರಬೇಕಿಲ್ಲ. ಬ್ಲೇಡಿನ ದಪ್ಪದ ಎರಡೂಮುಕ್ಕಾಲು ಪಟ್ಟು ಉದ್ದ ಬಿಟ್ಟರೆ ಸರಿಸುಮಾರು 20 ಡಿಗ್ರಿ ಬರುತ್ತದೆ. 2 ಮಿ.ಮೀ. ದಪ್ಪಕ್ಕೆ ಐದೂವರೆ ಮಿ.ಮೀ. ಇಳಿಜಾರು. ಅಷ್ಟೇ.

ಅರದಲ್ಲಿ ಎಲ್ಲರೂ ಮರೆಯುವುದು ಚಪ್ಪಟೆ ಮುಖವನ್ನು. ಇಳಿಜಾರು ಎಷ್ಟೇ ನಯವಾಗಿರಲಿ, ಹಿಂಬದಿಯಲ್ಲಿ ಅರದ ಹಲ್ಲಿನ ಗೀರು ಉಳಿದಿದ್ದರೆ ಪ್ರತಿ ಗೀರೂ ಅಂಚಿಗೆ ಬಂದು ಒಂದೊಂದು ಕಚ್ಚು ಮಾಡುತ್ತದೆ. ಆ ಚಾಕು ಚರ್ಮವನ್ನು ಹೆರೆಯುವುದಿಲ್ಲ, ಹರಿಯುತ್ತದೆ. ಹಲ್ಲಿನ ತಳ ಕಾಣದಂತಾಗುವವರೆಗೂ ಹಿಂಬದಿ ಉಜ್ಜಬೇಕು. ಬೇಜಾರಿನ ಕೆಲಸ, ನಿಜ. ಇಡೀ ಚಾಕುವಿಗೆ ಹಿಡಿಯುವ ಹೊತ್ತಿನಲ್ಲಿ ಅರ್ಧ ಇದಕ್ಕೇ ಹೋಗುತ್ತದೆ.

ಇನ್ನು ಯಂತ್ರದ ಹ್ಯಾಕ್ಸಾ ಬ್ಲೇಡು. ಅಗಲವಾಗಿ, ದಪ್ಪವಾಗಿ ಇರುತ್ತದೆ. ಪೂರ್ತಿ ಹೈ ಸ್ಪೀಡ್ ಉಕ್ಕಿನದು ಸಿಕ್ಕಿದರೆ ಹದ ಕೊಡುವ ರಗಳೆಯೇ ಇಲ್ಲ. ಈ ಉಕ್ಕು 500 ಡಿಗ್ರಿ ದಾಟಿದರೂ ಗಟ್ಟಿತನ ಬಿಟ್ಟುಕೊಡುವುದಿಲ್ಲ, ಹಾಗಾಗಿ ಗ್ರೈಂಡರಿನಲ್ಲಿ ಅಂಚು ನೀಲಿಯಾದರೂ ಗಾಬರಿ ಬೇಡ. ಯಾವ ಉಕ್ಕು ಅಂತ ಕಿಡಿ ನೋಡಿಯೇ ಗೊತ್ತಾಗುತ್ತದೆ. ಅರದ ಕಿಡಿ ಬೆಳ್ಳಗೆ, ಕವಲೊಡೆದು ಸಿಡಿಯುತ್ತದೆ. ಹೈ ಸ್ಪೀಡ್ ಉಕ್ಕಿನ ಕಿಡಿ ಮಂಕು ಕೆಂಪು, ಸಿಡಿಯುವುದೇ ಕಡಿಮೆ. ತೊಂದರೆ ಇರುವುದು ಹರಿತ ಮಾಡುವಾಗ. ಮಾಮೂಲಿ ಸಾಣೆಕಲ್ಲು ಇದರ ಮೇಲೆ ಸುಮ್ನೆ ಜಾರುತ್ತದೆ, ಡೈಮಂಡ್ ಪ್ಲೇಟ್ ಬೇಕು. ಉಜ್ಜಿದಾಗ ಅಂಚಿನಲ್ಲಿ ಏಳುವ ತೆಳು ಲೋಹದ ಎಳೆ, ಅಂದರೆ ಬರ್, ಬೇಗ ಕಳಚಿಕೊಳ್ಳುವುದಿಲ್ಲ. ಅತ್ತ ಉಜ್ಜಿದರೆ ಇತ್ತ, ಇತ್ತ ಉಜ್ಜಿದರೆ ಅತ್ತ.

ಕೊಂಡ ಚಾಕುವಿನ ಉಕ್ಕು ಮೆತ್ತಗಿತ್ತು, ಇಳಿಜಾರು 30 ಡಿಗ್ರಿಗಿಂತ ಮೇಲಿತ್ತು. ಇಳಿಜಾರು ತಗ್ಗಿಸಿ, ಹಿಂಬದಿ ನಯ ಮಾಡಿ, ಬೆನ್ನಿನ ಚೂಪು ಮೂಲೆಗಳನ್ನು ಉರುಟು ಮಾಡಿದ ಮೇಲೆ ಚೆನ್ನಾಗಿಯೇ ಕೊಯ್ದಿತು. ಆದರೆ ಬೇಗ ಮೊಂಡಾಯಿತು.

ಮೂರನ್ನೂ 3 ಮಿ.ಮೀ. ವೆಜಿಟೆಬಲ್ ಟ್ಯಾನ್ (ಮರದ ತೊಗಟೆಯಂಥವುಗಳ ಟ್ಯಾನಿನ್ನಿನಿಂದ ಹದ ಮಾಡಿದ) ಚರ್ಮದ ಪಟ್ಟಿಯ ತುದಿಯ ಮೇಲೆ ಓಡಿಸಿದೆ. ಅರದ ಚಾಕು ತೆಗೆದ ಹೆರೆ ಉದ್ದಕ್ಕೆ ಸುರುಳಿಯಾಗಿ ಬಂತು. ಬೆಳಕಿಗೆ ಹಿಡಿದರೆ ಆಚೆ ಬದಿಯ ಬೆರಳು ಕಾಣುವಷ್ಟು ತೆಳು. ಹೈ ಸ್ಪೀಡ್ ಚಾಕುವೂ ಅಷ್ಟೇ ತೆಳುವಾಗಿ ತೆಗೆಯಿತು, ಹರಿತವೂ ಹೆಚ್ಚು ಹೊತ್ತು ನಿಂತಿತು. ಹಾಗಿದ್ದರೂ ನನ್ನ ಕೈ ಹೋಗುವುದು ಅರದ ಚಾಕುವಿಗೇ. ಹಸಿರು ಕ್ರೋಮಿಯಂ ಆಕ್ಸೈಡ್ ಪಾಲಿಶ್ ಬಳಿದ ಚರ್ಮದ ಪಟ್ಟಿಯ ಮೇಲೆ ನಾಲ್ಕು ಸಲ ಎಳೆದರೆ ಅದು ಮತ್ತೆ ಸಿದ್ಧ. ಬೇಗ ಮೊಂಡಾಗುವುದಕ್ಕಿಂತ, ಮೊಂಡಾದ ಮೇಲೆ ಎಷ್ಟು ಸತಾಯಿಸುತ್ತದೆ ಅನ್ನುವುದು ನನಗೆ ಮುಖ್ಯ. ದಪ್ಪ ಸೋಲ್ ಚರ್ಮವನ್ನೇ ದಿನವಿಡೀ ಕೊಯ್ಯುವವರಿಗೆ ಹೈ ಸ್ಪೀಡ್ ಉಕ್ಕೇ ಸರಿ.

ದಬ್ಬಣ ಮತ್ತು ಹಲ್ಲಿನ ಉಳಿ

ಹೊಲಿಗೆ ದಬ್ಬಣದ ತುದಿ ದುಂಡಗಿದ್ದರೆ ನಡೆಯುವುದಿಲ್ಲ. ಅಡ್ಡಕೊಯ್ತದಲ್ಲಿ ಅದು ಚಪ್ಪಟೆ ವಜ್ರದ ಆಕಾರ ಇರಬೇಕು, ಆಗಲೇ ಓರೆ ಸೀಳು ಬಿದ್ದು ಹೊಲಿಗೆ ಓರೆಯಾಗಿ ಕೂರುವುದು. ಹೊಲಿಗೆ ಯಂತ್ರದ ಸೂಜಿ, ಕಾಂಕ್ರೀಟ್ ಮೊಳೆ, ಸಣ್ಣ ನೀಡಲ್ ಫೈಲ್ ಮೂರರಿಂದಲೂ ಮಾಡಿ ನೋಡಿದೆ. ಸೂಜಿ ತೀರಾ ತೆಳು, ಸಾಲದ್ದಕ್ಕೆ ಕಣ್ಣು, ತೋಡು ಬೇರೆ. ಮೊಳೆ ಗಟ್ಟಿಯೇನೋ ಹೌದು, ಆದರೆ ದಪ್ಪವಿದ್ದದ್ದನ್ನು ಅಷ್ಟು ಸಣ್ಣಗೆ ಇಳಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ನೀಡಲ್ ಫೈಲ್ ಮಾತ್ರ ಹದ ಕೊಟ್ಟ ಮೇಲೆ ನಿಜಕ್ಕೂ ಒಳ್ಳೆಯ ಅಲಗಾಯಿತು. ಆದರೆ ನಾಲ್ಕು ಮುಖವನ್ನೂ ಒಂದೇ ಸಮ ತರುವುದು ಸುಲಭವಲ್ಲ. ಒಂದು ಮುಖ ಚೂರು ಅಗಲವಾದರೂ ತೂತು ಒಂದು ಕಡೆಗೆ ಎಳೆಯುತ್ತದೆ.

ಕೊಂಡ ಅಲಗಿಗೆ ಈ ತಾಪತ್ರಯ ಇಲ್ಲ. ಅದರ ಕೊರತೆಯೆಲ್ಲ ಇರುವುದು ಹೊಳಪಿನಲ್ಲಿ ಮತ್ತು ಹಿಡಿಯಲ್ಲಿ. ನೀರುಕಾಗದದಲ್ಲಿ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ) 600ರ ನಂಬರಿನಿಂದ 2000ದವರೆಗೆ ಉಜ್ಜಿ ಪಾಲಿಶ್ ಬಳಿದ ಚರ್ಮದ ಪಟ್ಟಿಗೆ ಎಳೆದರೆ ಚರ್ಮದೊಳಗೆ ಸಲೀಸಾಗಿ ಇಳಿಯುತ್ತದೆ. ಹಿಡಿಯನ್ನು ಗಟ್ಟಿ ಮರದಲ್ಲಿ ನಾವೇ ಮಾಡಿಕೊಳ್ಳಬೇಕು. ಅಂಗೈಗೆ ಗುಂಡಗೆ ಕೂರಲಿ, ಹೆಬ್ಬೆರಳು ಬರುವ ಕಡೆ ಮಾತ್ರ ಒಂದು ಚಪ್ಪಟೆ ಪಟ್ಟಿ ಕೆತ್ತಿರಲಿ. ಅಲಗಿನ ಅಗಲ ಮುಖವನ್ನು ಆ ಪಟ್ಟಿಗೆ ಸರಿ ಹೊಂದಿಸಿ ಎಪಾಕ್ಸಿ ಅಂಟು ಹಾಕಿ ಕೂರಿಸಿದರೆ, ಕಣ್ಣು ಚರ್ಮದ ಮೇಲಿದ್ದರೂ ಸೀಳು ಯಾವ ಕಡೆಗಿದೆ ಅಂತ ಹೆಬ್ಬೆರಳಿಗೇ ಗೊತ್ತಿರುತ್ತದೆ. ಮೇಜಿನ ಮೇಲಿಟ್ಟರೆ ಉರುಳಿ ಕಾಲಿನ ಮೇಲೆ ಬೀಳುವುದೂ ಇಲ್ಲ. ಪರ್ಸಿನಂಥ ತೆಳು ಕೆಲಸಕ್ಕೆ ಅಲಗು 30 ಮಿ.ಮೀ. ಹೊರಗಿದ್ದರೆ ಸಾಕು. ಉದ್ದ ಜಾಸ್ತಿಯಾದಷ್ಟೂ ಬಳುಕು ಜಾಸ್ತಿ.

ಹಲ್ಲಿನ ಉಳಿಯನ್ನು ಊಟದ ಫೋರ್ಕಿನಿಂದ ಮಾಡುವ ಐಡಿಯಾ ಎಲ್ಲ ಕಡೆ ಓಡಾಡುತ್ತಿರುತ್ತದೆ. ಸ್ಟೇನ್‌ಲೆಸ್ ಫೋರ್ಕ್ ಮೆತ್ತಗೆ. ಸುತ್ತಿಗೆ ಪೆಟ್ಟಿಗೆ ಹಲ್ಲು ಅಗಲುತ್ತದೆ. ಅಂಚಿನ ಗುಂಟ ಗೆರೆ ಎಳೆಯುವುದಕ್ಕಾದರೆ ಚೆನ್ನಾಗಿದೆ, ಅದಕ್ಕಿಂತ ಮುಂದೆ ಬೇಡ. ಉಕ್ಕಿನ ಪಟ್ಟಿಯಲ್ಲಿ ಅರದಿಂದ ಹಲ್ಲು ಕಡಿಯುವುದೂ ಆಗುತ್ತದೆ. ಆದರೆ ನಾಲ್ಕು ಹಲ್ಲಿನಲ್ಲಿ ಒಂದು ಸಂದು 0.3 ಮಿ.ಮೀ. ಹೆಚ್ಚಾದರೆ ಅದೇ ಉದ್ದ ಹೊಲಿಗೆ ಸಾಲಿನುದ್ದಕ್ಕೂ ಮರುಕಳಿಸುತ್ತದೆ. ಒಮ್ಮೆ ಕಂಡರೆ ಕಣ್ಣು ಅಲ್ಲಿಂದ ಕೀಳುವುದಿಲ್ಲ. ಅದರ ಬದಲು ಕೈವಾರವನ್ನು 4 ಮಿ.ಮೀ.ಗೆ ಇಟ್ಟು ಗುರುತು ಹಾಕಿ ದಬ್ಬಣದಲ್ಲಿ ಚುಚ್ಚಿದರೆ ಹೊಲಿಗೆ ಎಷ್ಟೋ ನೇರ. ಕೊಳ್ಳುವುದಾದರೆ ಅಗ್ಗದ್ದೇ ಕೊಂಡು, ಹಲ್ಲುಗಳ ನಡುವೆ ನೀರುಕಾಗದ ಮಡಿಸಿ ಉಜ್ಜಿ. ಚರ್ಮದಲ್ಲಿ ಕಚ್ಚಿಕೊಳ್ಳುವುದು ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಇದನ್ನು ಉಕ್ಕಿನ ಸುತ್ತಿಗೆಯಲ್ಲಿ ಹೊಡೆಯಬೇಡಿ, ತಲೆ ಅರಳಿಹೋಗುತ್ತದೆ. ಮರದ ಕೊಡತಿ ಸಾಕು.

ಅಚ್ಚು

ಅಚ್ಚು ಒತ್ತುವುದಕ್ಕೆ ಮೊಳೆ ತಲೆ, ಹಿತ್ತಾಳೆ ಸರಳು, 3ಡಿ ಪ್ರಿಂಟ್ ಮಾಡಿದ ಪ್ಲಾಸ್ಟಿಕ್ ಮೂರೂ ಇವೆ. ಮೊಳೆ ಸುಲಭಕ್ಕೆ ಸಿಗುತ್ತದೆ. ಆದರೆ ಅಚ್ಚು ಒತ್ತುವುದು ಒದ್ದೆ ಮಾಡಿದ ವೆಜಿಟೆಬಲ್ ಟ್ಯಾನ್ ಚರ್ಮದ ಮೇಲೆ. ಆ ಚರ್ಮದ ಟ್ಯಾನಿನ್ನಿಗೆ ಕಬ್ಬಿಣ ತಾಕಿದರೆ ಕಪ್ಪು ನೀಲಿ ಕಲೆ ಏಳುತ್ತದೆ. ನಿಂಬೆರಸ ಸವರಿದರೆ ಕಲೆ ಮಾಸುತ್ತದೆ, ಆದರೂ ಬೇಕಾ ಆ ಕೆಲಸ? ಸ್ಟೇನ್‌ಲೆಸ್ ಬೋಲ್ಟಿಗೆ ಈ ಕಾಟ ಇಲ್ಲ, ಅರದಲ್ಲಿ ಕೆತ್ತುವುದು ಸ್ವಲ್ಪ ಕಷ್ಟ. ಹಿತ್ತಾಳೆ ಅರಕ್ಕೆ ಸಲೀಸಾಗಿ ಮಣಿಯುತ್ತದೆ, ಚರ್ಮಕ್ಕೆ ಕಲೆ ಬಿಡುವುದಿಲ್ಲ. ಎಲೆ, ಹೂವಿನ ಎಸಳು, ಚಿಕ್ಕ ತ್ರಿಕೋನ, ಏನು ಬೇಕೋ ಅದು. ಗಟ್ಟಿ ನೆಲಕ್ಕೆ ಬಿದ್ದರೆ ಮುಖ ನೆಗ್ಗುತ್ತದೆ, ಅದೊಂದೇ ದೂರು.

3ಡಿ ಪ್ರಿಂಟ್ ಅಚ್ಚಿಗೆ ಸುತ್ತಿಗೆ ತೋರಿಸಲೇಬಾರದು, ಪದರ ಬಿಡುತ್ತದೆ. ಕ್ಲ್ಯಾಂಪ್ ಹಾಕಿ ಒತ್ತಿ ಸ್ವಲ್ಪ ಹೊತ್ತು ಬಿಟ್ಟರೆ ಹೆಸರು, ದೊಡ್ಡ ಗುರುತು ಚೆಂದವಾಗಿ ಮೂಡುತ್ತದೆ. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಯೇ ಪ್ರಿಂಟ್ ಮಾಡಬೇಕು. 0.4 ಮಿ.ಮೀ. ನಾಝಲ್ (ಪ್ಲಾಸ್ಟಿಕ್ ಹೊರಬರುವ ತೂತು) ಇರುವ ಪ್ರಿಂಟರಿನಲ್ಲಿ ತೀರಾ ಸಪೂರ ಗೆರೆಗಳನ್ನು ನಂಬಬೇಡಿ. ಒಂದೇ ಗುರುತನ್ನು ದೊಡ್ಡದಾಗಿ ಒತ್ತುವವರಿಗೆ ಇದು, ಸಣ್ಣ ಅಲಂಕಾರ ಮತ್ತೆ ಮತ್ತೆ ಹೊಡೆಯುವವರಿಗೆ ಹಿತ್ತಾಳೆ.

ಅಂಚು ನಯ ಮಾಡುವ ಮರದ ಸ್ಲಿಕ್ಕರಿಗೆ ಹೋಲಿಕೆಯೇ ಬೇಕಿಲ್ಲ. ಗಟ್ಟಿ ಮರದ ತುಂಡಿಗೆ ದುಂಡು ಅರದಲ್ಲಿ ತೋಡು ತೆಗೆದರೆ ಕೊಂಡದ್ದಕ್ಕಿಂತ ಒಂದು ಕೈ ಮೇಲೇ. ನಿಮ್ಮ ಚರ್ಮ 3 ಮಿ.ಮೀ. ಇದ್ದರೆ ತೋಡು ಮೂರೂವರೆ ಇರಲಿ. ಅಂಚಿನ ಮೂಲೆ ಕೆರೆಯುವ ಬೆವೆಲರ್ ಮಾತ್ರ ಕೊಂಡದ್ದೇ ಆಗಲಿ, ಅದರ ಪುಟ್ಟ ಕೊಳವೆಯಂಥ ಬಾಯಿಯನ್ನು ಮನೆಯಲ್ಲಿ ಕೊರೆಯುವುದು ಕಷ್ಟ. ಹೊಸದು ಬಂದ ಕೂಡಲೇ ದಪ್ಪ ನೂಲಿಗೆ ಹಸಿರು ಪಾಲಿಶ್ ಬಳಿದು ಆ ತೋಡಿನಲ್ಲಿ ಒಂದೇ ದಿಕ್ಕಿಗೆ, ಬಾಯಿಯಿಂದ ಹೊರಕ್ಕೆ, ಎಳೆಯುತ್ತಾ ಹೋಗಿ. ಡಬ್ಬಿಯಿಂದ ತೆಗೆದಾಗ ಚರ್ಮ ಕೀಳುತ್ತಿದ್ದದ್ದು ಆಮೇಲೆ ಉದ್ದಕ್ಕೆ ದಾರದಂಥ ಎಳೆ ತೆಗೆಯುತ್ತದೆ.