ರೂಬಿಕಾನ್: ಕೈಯಿಂದ ನುಡಿಸಿದ ಸೀಕ್ವೆನ್ಸರ್

ಪಶ್ಚಿಮ ಬರ್ಲಿನ್ನಿನ ಟ್ಯಾಂಜರೀನ್ ಡ್ರೀಮ್ ಎಂಬ ಎಲೆಕ್ಟ್ರಾನಿಕ್ ಸಂಗೀತ ತಂಡವು 1975ರ ಮಾರ್ಚ್‌ನಲ್ಲಿ ಹೊರತಂದ ‘ರೂಬಿಕಾನ್’ ಆಲ್ಬಮ್ಮಿನಲ್ಲಿ ಹಾಡಿಲ್ಲ, ಸಾಹಿತ್ಯವಿಲ್ಲ, ಡ್ರಮ್ ಸೆಟ್ಟೂ ಇಲ್ಲ. ಎಲ್‌ಪಿಯ ಬದಿಗೊಂದರಂತೆ ಎರಡೇ ಭಾಗಗಳಿದ್ದು, ಒಂದೊಂದೂ 17 ನಿಮಿಷಕ್ಕಿಂತ ತುಸು ಹೆಚ್ಚು ಕಾಲ ನಡೆಯುತ್ತದೆ. ಸೀಕ್ವೆನ್ಸರ್, ಅಂದರೆ ಮೊದಲೇ ಹೊಂದಿಸಿಟ್ಟ ಸ್ವರಗಳನ್ನು ತಾನಾಗಿ ಸಾಲಾಗಿ ನುಡಿಸುವ ಸಾಧನ, ಬಳಸಿದ ಸಂಗೀತವೆಂದರೆ ಎಲ್ಲವನ್ನೂ ಯಂತ್ರಕ್ಕೆ ಒಪ್ಪಿಸಿ ಕೈಕಟ್ಟಿ ಕೂರುವ ಕೆಲಸವೆಂದು ಭಾವಿಸಿದವರಿಗೆ ನಾನು ಮೊದಲು ಕೇಳಿಸಬಯಸುವ ಆಲ್ಬಮ್ ಇದು. ಯಂತ್ರವೊಂದನ್ನು ವಾದ್ಯವಾಗಿ ನುಡಿಸುವುದು ಹೇಗೆಂಬುದು ಇಲ್ಲಿ ಕಿವಿಗೇ ತಿಳಿಯುತ್ತದೆ.

ಇಲ್ಲಿ ಬಳಸಿದ ಮೂಗ್ ಮಾಡ್ಯುಲರ್ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯದ ಸೀಕ್ವೆನ್ಸರಿನಲ್ಲಿ ಎಂಟೆಂಟು ಗುಂಡಿಗಳ ಮೂರು ಸಾಲುಗಳಿರುತ್ತವೆ. ಪ್ರತಿಯೊಂದು ಗುಂಡಿಯೂ ಒಂದು ವೋಲ್ಟೇಜನ್ನು ನಿಗದಿಪಡಿಸುತ್ತದೆ; ಆ ವೋಲ್ಟೇಜುಗಳು ಒಂದಾದ ಮೇಲೊಂದರಂತೆ ನಾದ ಹುಟ್ಟಿಸುವ ಆಸಿಲೇಟರನ್ನು ತಲುಪಿದಾಗ ಎಂಟು ಸ್ವರಗಳ ಸರಣಿ ಕೇಳಿಸಿ, ಕೊನೆ ಮುಟ್ಟಿದೊಡನೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಸರಣಿ ಓಡುತ್ತಿರುವಾಗಲೇ ಒಂದು ಗುಂಡಿಯನ್ನು ಕೊಂಚ ತಿರುಗಿಸಿದರೆ ಒಂದೇ ಸ್ವರ ಬದಲಾಗುತ್ತದೆ, ಆದರೆ ಅದರಿಂದ ಉಳಿದ ಏಳು ಸ್ವರಗಳ ಬಣ್ಣವೂ ಬೇರೆಯಾಗಿ ಕೇಳಿಸುತ್ತದೆ. ಆ ಕಾಲದ ಆಸಿಲೇಟರುಗಳ ಶ್ರುತಿಯು ಬಿಸಿಗೆ ಜಾರುತ್ತಿದ್ದುದರಿಂದ ನುಡಿಸುವವರು ಸದಾ ಕಿವಿಗೊಟ್ಟಿರಲೇಬೇಕಿತ್ತು. ಈ ಕೆಲಸವನ್ನು ವಹಿಸಿಕೊಂಡಿದ್ದ ಕ್ರಿಸ್ಟೋಫರ್ ಫ್ರಾಂಕ ತಂಡಕ್ಕೆ ಬಂದದ್ದು ಡ್ರಮ್ ವಾದಕರಾಗಿ. ಎಲ್ಲಿ ಒತ್ತು ಬೀಳಬೇಕು, ಎಲ್ಲಿ ಒಂದು ಪೆಟ್ಟನ್ನು ತಡೆದು ಬಿಡಬೇಕು ಎಂಬ ತಾಳದವರ ಲೆಕ್ಕಾಚಾರವೇ ಈ ಆಲ್ಬಮ್ಮಿನ ಬೆನ್ನೆಲುಬು ಎಂದು ನನಗನ್ನಿಸುತ್ತದೆ.

ಮೊದಲ ಭಾಗವು ಆತುರಪಡುವುದಿಲ್ಲ. ಲಯವಿಲ್ಲದ, ವಿಸ್ತಾರವಾದ ನಾದದಲ್ಲಿ ಮೆಲೊಟ್ರಾನ್ ಎಂಬ ವಾದ್ಯದ ದನಿಗಳು ಏಳುತ್ತ ಅಡಗುತ್ತ ಸಾಗುತ್ತವೆ. ಈ ವಾದ್ಯದ ಪ್ರತಿ ಕೀಲಿಯ ಕೆಳಗೂ ಸುಮಾರು 8 ಸೆಕೆಂಡುಗಳ ಧ್ವನಿಮುದ್ರಿತ ಟೇಪ್ ಇದ್ದು, ಅದು ಮುಗಿದರೆ ಸ್ವರವೂ ನಿಲ್ಲುತ್ತದೆ. ಆದ್ದರಿಂದಲೇ ಇಲ್ಲಿನ ನಾದಕ್ಕೆ ಹಾಡುಗಾರರಿಗಿರುವಂತೆ ಉಸಿರಿನ ಮಿತಿಯೊಂದು ಒದಗಿದೆ. ಸುಮಾರು ಏಳನೆಯ ನಿಮಿಷದ ಹೊತ್ತಿಗೆ ತಳದಿಂದ ಸೀಕ್ವೆನ್ಸರಿನ ಮಂದ್ರ ಸರಣಿ ಮೇಲೇಳುತ್ತದೆ. ವಿಸ್ತಾರವಾದ ಆಲಾಪನೆಯ ನಂತರ ಮೃದಂಗ ಸೇರಿಕೊಂಡಾಗ ಕೇಳುಗರ ಬೆನ್ನು ತಾನಾಗಿಯೇ ನೆಟ್ಟಗಾಗುವಂತಹ ಗಳಿಗೆ ಅದು. ಮೇಲುಪದರದಲ್ಲಿ ಕೇಳಿಬರುವ ಲೋಹದಂತಹ ಗಡುಸು ದನಿಯು, ತಂತಿಗಳ ನಡುವೆ ವಸ್ತುಗಳನ್ನು ಸಿಕ್ಕಿಸಿ ನುಡಿಸುವ ಪಿಯಾನೊದ್ದು. ತಂಡದ ಎಡ್ಗರ್ ಫ್ರೋಜ, ಪೀಟರ್ ಬೌಮನ್ ಮತ್ತು ಫ್ರಾಂಕ ಮೂವರೂ ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಡುವ ರೀತಿಯಲ್ಲಿ ಅಪಾರವಾದ ಸಂಯಮವಿದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನಲ್ಲಿದ್ದ ಮ್ಯಾನರ್ ಸ್ಟುಡಿಯೊದಲ್ಲಿಯೇ ಈ ಆಲ್ಬಮ್ಮಿನಂತೆ ಇದಕ್ಕೂ ಹಿಂದಿನ ‘ಫೀಡ್ರಾ’ ಆಲ್ಬಮ್ ಕೂಡ ಮುದ್ರಣಗೊಂಡಿತ್ತಾದರೂ, ಅದರಲ್ಲಿದ್ದ ಪ್ರಯೋಗದ ತಡವರಿಕೆ ಇಲ್ಲಿಲ್ಲ.

ಎರಡನೆಯ ಭಾಗದ ಆರಂಭವು ಎಲ್ಲರಿಗೂ ರುಚಿಸಲಿಕ್ಕಿಲ್ಲ. ಸೈರನ್ನಿನಂತೆ ಏರಿಳಿಯುವ ದನಿಗಳೂ ಮಾನವ ಕಂಠಗಳಂತಹ ನಾದವೂ ಬೆರೆತು ಅಲ್ಲಿ ನಿಜಕ್ಕೂ ಭಯ ಹುಟ್ಟಿಸುತ್ತವೆ. ಆ ಉದ್ವೇಗವಿಲ್ಲದೆ ಮುಂದಿನ ಸೀಕ್ವೆನ್ಸರ್ ಓಟಕ್ಕೆ ಅಷ್ಟೊಂದು ಬಿಡುಗಡೆಯ ಭಾವ ಬರುತ್ತಿರಲಿಲ್ಲವೆಂಬುದನ್ನು ನಾನು ಒಪ್ಪುತ್ತೇನೆ. ನನ್ನ ಆಕ್ಷೇಪವಿರುವುದು ಓಟ ನಿಂತ ಮೇಲಿನ ಶಾಂತ ಭಾಗದ ಬಗ್ಗೆ: ಸುಂದರವಾಗಿದ್ದರೂ ಅದು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಕೆಲ ಹೊತ್ತು ಅಲೆದಾಡುತ್ತದೆ. ಮೊದಲ ಭಾಗದಷ್ಟು ಬಿಗಿಯಾದ ಬಂಧ ಇದಕ್ಕಿಲ್ಲ.

ಇಂತಹ ಆಲ್ಬಮ್ ಬ್ರಿಟನ್ನಿನ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ 10ನೇ ಸ್ಥಾನದವರೆಗೆ ಏರಿತ್ತು. ಈಗ ಕೇಳುವವರು ಮೊಬೈಲಿನ ಸ್ಪೀಕರನ್ನು ನೆಚ್ಚಿಕೊಳ್ಳಬಾರದು. ಮಂದ್ರ ಸ್ವರಗಳು ಅದರಲ್ಲಿ ಕೇಳಿಸುವುದೇ ಇಲ್ಲವಾದ್ದರಿಂದ ಸರಣಿಯ ಅರ್ಧ ಭಾಗ ಕಳೆದುಹೋಗುತ್ತದೆ. ಒಳ್ಳೆಯ ಹೆಡ್‌ಫೋನ್ ಇರಲಿ, ಎರಡು ಭಾಗಗಳನ್ನೂ ನಡುವೆ ನಿಲ್ಲಿಸದೆ ಕೇಳಿರಿ. ಇದು ತೀರಾ ನಿಧಾನವೆನಿಸಿದವರಿಗೆ, ಅದೇ ವರ್ಷದ ಕೊನೆಗೆ ಬಂದ ಇದೇ ತಂಡದ ‘ರಿಕೊಷೆ’ ಆಲ್ಬಮ್ ಹೆಚ್ಚು ಹಿಡಿಸಬಹುದು: ಅಲ್ಲಿ ಡ್ರಮ್ಮುಗಳೂ ಇವೆ, ಗಿಟಾರೂ ಇದೆ, ಎರಡನೆಯ ಬದಿಯು ಸರಳವಾದ ಪಿಯಾನೊ ವಾದನದಿಂದ ತೆರೆದುಕೊಳ್ಳುತ್ತದೆ.